ಹೆಗಲಿಗೆ ಚೀಲ

ತಾನು ಆಡಿದ ತಂಡಕ್ಕೇ ಮುಂದೊಂದು ದಿನ ಗುರುವಾಗಿ ಬಂದು ನಿಲ್ಲುವವನ ಮನಸ್ಸಿನಲ್ಲಿ ಏನಿರಬಹುದು? ಅಮೆರಿಕದ ಸ್ಟಿಲ್‌ವಾಟರ್ ಎಂಬ ಊರಿನಲ್ಲಿರುವ ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಗಾಲ್ಫ್ ತಂಡದ ಕಥೆ ಓದುವಾಗಲೆಲ್ಲ ನನ್ನನ್ನು ಈ ಪ್ರಶ್ನೆ ಕಾಡುತ್ತದೆ. ಅಲ್ಲಿ ಲ್ಯಾಬ್ರನ್ ಹ್ಯಾರಿಸ್ ಅವರ ಬಳಿ ಆಟ ಕಲಿತ ಮೈಕ್ ಹೋಲ್ಡರ್ 1973ರಲ್ಲಿ ಗುರುವಿನ ಜಾಗಕ್ಕೇ ಬಂದರು. 2005ರವರೆಗೆ ಇದ್ದು ಎಂಟು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆಲ್ಲಿಸಿಕೊಟ್ಟರು. ಅವರ ಕೈಯಲ್ಲಿ ಪಳಗಿದ ಅಲನ್ ಬ್ರಾಟನ್, 1995ರಲ್ಲಿ ಟೈಗರ್ ವುಡ್ಸ್ ಇದ್ದ ಸ್ಟ್ಯಾನ್‌ಫರ್ಡ್ ತಂಡವನ್ನು ಮಣಿಸಿದ ಹುಡುಗರಲ್ಲೊಬ್ಬರು. 2013ರಲ್ಲಿ ಪುರುಷರ ತಂಡದ ಮುಖ್ಯ ತರಬೇತುದಾರರಾದವರೂ ಅವರೇ.

ಗೆದ್ದು ಹೋದವನಿಗೆ ಮರಳಿ ಬರುವುದು ಸುಲಭವೆಂದು ಹೊರಗಿನಿಂದ ತೋರುತ್ತದೆ. ಆದರೆ ಆಟ ಗೊತ್ತಿರುವ ಕೈಗೆ ಸುಮ್ಮನಿರುವುದಕ್ಕಿಂತ ದೊಡ್ಡ ಶಿಕ್ಷೆ ಬೇರೇನಿದೆ? ಕಾಲೇಜು ಗಾಲ್ಫಿನಲ್ಲಿ ತರಬೇತುದಾರ ಆಟದ ನಡುವೆಯೂ ಹುಡುಗನ ಪಕ್ಕದಲ್ಲಿ ಹೆಜ್ಜೆ ಹಾಕಬಹುದು, ಮಾತಾಡಬಹುದು, ಗಾಳಿ ಯಾವ ಕಡೆಗಿದೆಯೆಂದು ಹೇಳಬಹುದು. ಹೊಡೆಯುವುದೊಂದು ಮಾತ್ರ ಅವನಿಗೆ ಸಲ್ಲದು. ಆ ಒಂದನ್ನೇ ಅವನು ಜೀವಮಾನವೆಲ್ಲ ಕಲಿತದ್ದು! ಐವರು ಆಡಿ, ಪ್ರತಿ ಸುತ್ತಿನಲ್ಲಿ ನಾಲ್ವರ ಅಂಕಗಳನ್ನಷ್ಟೇ ತಂಡದ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಅಲ್ಲಿನದು. ಅಂಕ ಬಿಟ್ಟುಹೋದ ಐದನೆಯವನ ಮುಖವನ್ನು ಓದಬಲ್ಲವನು, ಒಮ್ಮೆಯಾದರೂ ಆ ಸಾಲಿನಲ್ಲಿ ನಿಂತವನೇ ಇರಬೇಕು. ಹಳೆಯ ಆಟಗಾರನ ನಿಜವಾದ ಬಂಡವಾಳ ಅವನ ಗೆಲುವುಗಳಲ್ಲ, ಈ ನೆನಪು ಎಂದು ನನಗೆ ಅನಿಸುತ್ತದೆ. ಆದರೆ ಅದೇ ನೆನಪು ಒಂದಿಷ್ಟು ಹದ ತಪ್ಪಿದರೂ ಸಾಕು, ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಗೊಣಗಾಟವಾಗಿಬಿಡುತ್ತದೆ. ಕಲಿತ ಶಾಲೆಗೇ ಮುಖ್ಯೋಪಾಧ್ಯಾಯರಾಗಿ ಬಂದು, ಎದುರಿನ ಮಕ್ಕಳಲ್ಲಿ ತಮ್ಮ ಬಾಲ್ಯವನ್ನಷ್ಟೇ ಹುಡುಕುವ ಹಿರಿಯರು ನಮಗೇನು ಅಪರೂಪವೆ?

2018ರ ಮೇ ತಿಂಗಳಲ್ಲಿ ಬ್ರಾಟನ್ ಅವರ ತಂಡ ತನ್ನದೇ ಅಂಗಳವಾದ ಕಾರ್ಸ್ಟನ್ ಕ್ರೀಕ್‌ನಲ್ಲಿ, ಅಲಬಾಮಾದ ಎದುರು ಒಂದು ಪಂದ್ಯವನ್ನೂ ಬಿಟ್ಟುಕೊಡದೆ, ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದು ಪತ್ರಿಕೆಗಳಿಗೆ ದೊಡ್ಡ ಸುದ್ದಿ. ನನ್ನ ಮನಸ್ಸು ನಿಲ್ಲುವುದು ಅದೇ ಆಗಸ್ಟಿನಲ್ಲಿ, ಕ್ಯಾಲಿಫೋರ್ನಿಯಾದ ಕಡಲಂಚಿನ ಪೆಬಲ್ ಬೀಚ್‌ನಲ್ಲಿ. ಶಿಷ್ಯ ವಿಕ್ಟರ್ ಹೋವ್ಲಾಂಡ್ ಯು.ಎಸ್. ಅಮೆಚೂರ್ ಆಡುತ್ತಿದ್ದಾಗ ಕ್ಯಾಡಿಯಾಗಿ ಅವನ ಚೀಲ ಹೊತ್ತವರು ಬ್ರಾಟನ್. ಆ ಪಂದ್ಯಾವಳಿಯನ್ನು ಗೆದ್ದ ಮೊದಲ ನಾರ್ವೆಯವನಾದ ಆ ಹುಡುಗನಿಗೆ ಕೋಲು ಕೊಟ್ಟು, ದೂರ ಹೇಳಿ, ತನ್ನ ನೆರಳು ಚೆಂಡಿನ ಮೇಲೆ ಬೀಳದಂತೆ ಸರಿದು ನಿಲ್ಲುವುದು ಕ್ಯಾಡಿಯ ಕೆಲಸ. ಅದನ್ನು ವಿನಯವೆಂದು ಹೊಗಳಿ ಮುಗಿಸಲು ನನಗೆ ಮನಸ್ಸಿಲ್ಲ. ಆಡುವ ಆಸೆ ಸತ್ತವನಿಗೆ ಅದು ಸುಲಭ. ಆಸೆ ಉಳಿದೂ ಸರಿದು ನಿಲ್ಲುವವನಿಗೆ ಪ್ರತಿ ಹೊಡೆತದಲ್ಲೂ ಹೊಸದಾಗಿ ಮಾಡಬೇಕಾದ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ, ಆಡಿದವನಿಗೇ ಆ ಪೀಠ ಮೀಸಲೆಂದು ವಾದಿಸಲಾರೆ. ಹೋಲ್ಡರ್ ಮತ್ತು ಬ್ರಾಟನ್ ನಡುವೆ ಎಂಟು ವರ್ಷ ತಂಡವನ್ನು ನಡೆಸಿದ ಮೈಕ್ ಮೆಕ್‌ಗ್ರಾ ಅಲ್ಲಿ ಆಡಿ ಬೆಳೆದವರಲ್ಲ. ಮೊದಲ ಋತುವಿನಲ್ಲೇ, 2006ರಲ್ಲಿ, ಅವರೂ ತಂಡಕ್ಕೆ ಪ್ರಶಸ್ತಿ ಗೆಲ್ಲಿಸಿಕೊಟ್ಟರು.