ಆಯುಷ್ಯದ ಲೆಕ್ಕ

ಮಾನ್ವಿ ಸೀಮೆಯವರಿಗೆ ಗೊತ್ತಿರುವ ಕಥೆ ಇದು. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಬಿಗುಮಾನದಲ್ಲಿ ಹರಿದಾಸರಾದ ವಿಜಯದಾಸರನ್ನು ಕಡೆಗಣಿಸಿದರು. ಅದರ ಫಲವೆಂಬಂತೆ ಹೊಟ್ಟೆಶೂಲೆ ಹಿಡಿದು ಹಾಸಿಗೆಗೆ ಬಿದ್ದರು. ವಿಜಯದಾಸರು ಅವರನ್ನು ಉತ್ತನೂರಿನ ಗೋಪಾಲದಾಸರ ಬಳಿ ಕಳಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯಲ್ಲಿ ತಮ್ಮ ಆಯುಷ್ಯದ 40 ವರ್ಷ ಇಟ್ಟು ಉಣಿಸಿದರಂತೆ. ಶೂಲೆ ಇಳಿಯಿತು. ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ರಚಿಸಿ, 1809ರಲ್ಲಿ ಮಾನ್ವಿಯಲ್ಲಿ ದೇಹ ಬಿಟ್ಟರು.

ನಂಬುವುದು ಬಿಡುವುದು ಅವರವರ ಪಾಲಿಗೆ. ನನ್ನನ್ನು ಕಾಡುವುದು ಕಥೆಯೊಳಗಿನ ಲೆಕ್ಕ. ಒಬ್ಬರಿಗೆ ಸೇರಿದ ವರ್ಷಗಳು ಇನ್ನೊಬ್ಬರ ಆಯುಷ್ಯದಿಂದ ಕಳೆದವು. ಪುಕ್ಕಟೆಯಾಗಿ ಬಂದದ್ದು ಒಂದು ದಿನವೂ ಇಲ್ಲ.

ಕ್ಯಾನ್ಸರಿಗೆ ಕೊಡುವ ಕೀಮೋದ ಲೆಕ್ಕವೂ ಬಹಳ ಬೇರೆಯೇನಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಔಷಧವನ್ನು ಸಲೈನ್‌ನಲ್ಲಿ ಬೆರೆಸಿ, ಸಾಮಾನ್ಯವಾಗಿ ಮೂರು ತಾಸು ಹನಿಹನಿಯಾಗಿ ನರಕ್ಕೆ ಇಳಿಸುತ್ತಾರೆ. ಸಂಜೆಗೆ ಮನೆ. ಮತ್ತೆ ಬರುವುದು 21 ದಿನಕ್ಕೆ. ಕ್ಯಾನ್ಸರ್ ಕಣಗಳ ಜೊತೆ ಮೂಳೆಮಜ್ಜೆಯೂ ಏಟು ತಿಂದಿರುತ್ತದೆ, ಅದು ಹೊಸ ರಕ್ತಕಣ ಕಟ್ಟಿಕೊಳ್ಳಲು ಅಷ್ಟು ಸಮಯ ಬೇಕು. ಹಾಗೆ ನೋಡಿದರೆ ಮನೆಯಲ್ಲಿ ಕಳೆಯುವ ದಿನಗಳೂ ಚಿಕಿತ್ಸೆಯೇ. ಅಂಗಳದಲ್ಲಿ ಕೂತು ಮೊಮ್ಮಕ್ಕಳನ್ನು ಗದರುವ ಆ ದಿನಗಳಿಗಾಗಿಯೇ ಅಲ್ಲವೇ ಸೂಜಿ ಚುಚ್ಚಿಸಿಕೊಂಡದ್ದು?

ಈಗ ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಕೀಮೋ ಬೇಕಾದ ಅವ್ವನೊಬ್ಬಳನ್ನು ನೆನೆಸಿಕೊಳ್ಳಿ. ತಾಲ್ಲೂಕಿಗೆ ರೈಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇದರ ಹೆಸರು ಬರೆದಿತ್ತು. ರಾಯಚೂರಿಗೇ ಐವತ್ತು ಕಿಲೋಮೀಟರಿನಷ್ಟು ದಾರಿ. ಅಲ್ಲಿ ಆಗದಿದ್ದರೆ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರ, ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ಬೆಂಗಳೂರು. ಮೂರು ತಾಸಿನ ಹನಿಗೆ ಮೂರು ದಿನದ ತಿರುಗಾಟ. ಅವ್ವನ ಜೊತೆ ಹೋಗುವ ಮಗಳು ಹತ್ತಿ ಬಿಡಿಸುವ ಕೂಲಿ ಕಳೆದುಕೊಳ್ಳುತ್ತಾಳೆ. ಮಗ ಸಾಲ ಎತ್ತುತ್ತಾನೆ. ರೊಟ್ಟಿಯಲ್ಲಿ ಆಯುಷ್ಯ ಇಡುವುದು ದಾಸರ ಕಾಲಕ್ಕೇ ಮುಗಿದಿಲ್ಲ. ಗೋಪಾಲದಾಸರು ಕೊಟ್ಟ ವರ್ಷಗಳು ಜಗನ್ನಾಥದಾಸರಿಗೆ ಪೂರ್ತಿ ಸೇರಿದವು. ಈ ಮಗಳು ಕೊಡುವ ದಿನಗಳು ಮಾತ್ರ ಅವ್ವನಿಗೆ ಸೇರುವುದಿಲ್ಲ, ಬಸ್ ನಿಲ್ದಾಣದಲ್ಲೇ ಸೋರಿಹೋಗುತ್ತವೆ.

ಎಲ್ಲಕ್ಕಿಂತ ಕ್ರೂರವೆಂದು ನನಗೆ ಅನಿಸುವುದು ಇನ್ನೊಂದು. ಪ್ರತಿ ಡೋಸಿಗೆ ಮೊದಲು ರಕ್ತ ಪರೀಕ್ಷೆ ಮಾಡುತ್ತಾರೆ. ಬಿಳಿ ರಕ್ತಕಣ ತೀರಾ ಕಡಿಮೆಯಿದ್ದರೆ ಸೋಂಕಿನ ಭಯ. ಮುಂದಿನ ವಾರ ಬನ್ನಿ ಎನ್ನುತ್ತಾರೆ. ವೈದ್ಯರ ತಪ್ಪಿಲ್ಲ. ಆದರೆ ಅಷ್ಟು ದೂರ ಹೋಗಿ, ತೋಳಿಗೆ ಹತ್ತಿ ಒತ್ತಿಕೊಂಡು ಹಾಗೇ ಹಿಂತಿರುಗುವ ಆ ದಿನ ಯಾರ ಆಯುಷ್ಯಕ್ಕೆ ಜಮೆಯಾಯಿತು? ಚಿಕಿತ್ಸೆಯೇ ನುಂಗುವ ಇಂಥ ದಿನಗಳನ್ನು ಔಷಧದ ಅಡ್ಡಪರಿಣಾಮದಂತೆಯೇ ಎಣಿಸಬೇಕೆಂದು ಅಮೆರಿಕ, ಕೆನಡಾದ ಕೆಲವು ಕ್ಯಾನ್ಸರ್ ವೈದ್ಯರು 2022ರಲ್ಲಿ ಬರೆದರು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಎಣಿಕೆ ಮೊದಲೇ ಗೊತ್ತಿತ್ತು. ಕೇಳಿದವರಿಲ್ಲ, ಅಷ್ಟೆ.

ಏಮ್ಸ್ ಆಸ್ಪತ್ರೆ ಬೇಕೆಂದು ರಾಯಚೂರಿನಲ್ಲಿ 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಅದು ದೊಡ್ಡ ಬೇಡಿಕೆ, ನ್ಯಾಯದ ಬೇಡಿಕೆ. ರಾಜ್ಯ ಸರ್ಕಾರ 2025ರ ಮೇನಲ್ಲಿ ಕೋಲಾರದಿಂದ ಶುರುಮಾಡಿದ ಡೇ ಕೇರ್ ಕೀಮೋ ಯೋಜನೆಯೂ ಸರಿಯಾದ ದಾರಿಯೇ: ಚಿಕಿತ್ಸೆಯನ್ನು ತಜ್ಞರು ನಿಗದಿ ಮಾಡಲಿ, ಹನಿ ಜಿಲ್ಲಾಸ್ಪತ್ರೆಯಲ್ಲಿ ಇಳಿಯಲಿ. ಆದರೆ ಏಮ್ಸ್‌ಗೆ ಕಾಯದೆ ಆಗಬಹುದಾದದ್ದೂ ಇದೆ. ರಕ್ತಕಣ ಎಣಿಸಲು ದೊಡ್ಡ ಆಸ್ಪತ್ರೆ ಬೇಕಿಲ್ಲ. ಗರ್ಭಿಣಿಯರಿಗೆ ಐರನ್ ಸುಕ್ರೋಸ್ ಹನಿ ಹಾಕಲು ಗೊತ್ತಿರುವ ನರ್ಸಮ್ಮಂದಿರು ಇರುವಲ್ಲಿ ರಕ್ತ ತೆಗೆಯುವ ಕೈಗಳೂ ಇವೆ. ಡೋಸಿನ ಹಿಂದಿನ ದಿನ ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡಿ, ವರದಿಯನ್ನು ಕೀಮೋ ವಾರ್ಡಿಗೆ ಕಳಿಸಿ, ಬರಲು ಹೇಳಿದರಷ್ಟೇ ರೋಗಿ ಬಸ್ ಹತ್ತುವಂತಾಗಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಇಷ್ಟನ್ನು ಮೊದಲು ಮಾಡಲಿ.