ಟ್ಯೂಬಿಂಗನ್: ನಾಲ್ಕೇ ಬಾಗಿಲ ಮುಂದೆ ನಿಲ್ಲುವ ನಡಿಗೆ

ಒಂದೇ ಹಗಲಿನಲ್ಲಿ ಹದಿನೈದು ಜಾಗ ಮುಗಿಸಿ ಹದಿನಾರನೆಯದಕ್ಕೆ ಓಡುವ ಪ್ರವಾಸಿಗೆ ಟ್ಯೂಬಿಂಗನ್‌ನಲ್ಲಿ ಹೆಚ್ಚು ಕೆಲಸವಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಸಿಗುವ ಊರಿದು. ಜನಸಂಖ್ಯೆ 90 ಸಾವಿರದ ಆಸುಪಾಸು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಹೆಚ್ಚು. ಎರಡನೇ ಮಹಾಯುದ್ಧದ ಬಾಂಬುಗಳಿಂದ ಬಹುಪಾಲು ಪಾರಾದ್ದರಿಂದ ಹಳೆಯ ಪೇಟೆ ಹಳೆಯದಾಗಿಯೇ ಉಳಿದಿದೆ. ರೈಲು ನಿಲ್ದಾಣದಿಂದ ಹೊರಟು ನದಿ ದಾಟಿ, ಪೇಟೆ ಹೊಕ್ಕು, ಕೋಟೆ ಹತ್ತಿದರೂ ನಡಿಗೆ ಮೂರು ಕಿಲೋಮೀಟರ್‌ ಮೀರುವುದಿಲ್ಲ. ಅವಸರದ ಕಾಲಿಗೆ ಒಂದು ಗಂಟೆ ಸಾಕು.

ಆದರೆ ಈ ಊರು ಕಲಿಸುವ ಪಾಠ ಅವಸರದವರಿಗೆ ದಕ್ಕುವುದಿಲ್ಲ. ಬಹಳ ವರ್ಷ ಹಿಡಿಯುವ ಕೆಲಸವನ್ನು ಬೇಸರಿಸದೆ ದಿನವೂ ಮಾಡುವುದು ಹೇಗೆ ಎಂಬುದಕ್ಕೆ ಇಲ್ಲಿ ನಾಲ್ಕು ಬಾಗಿಲುಗಳು ಸಾಕ್ಷಿ. ಉಳಿದದ್ದನ್ನು ಬಿಟ್ಟು ಆ ನಾಲ್ಕನ್ನೇ ಆರಿಸಿಕೊಂಡು, ಒಂದೊಂದರ ಮುಂದೆ ಅರ್ಧ ಗಂಟೆ ನಿಂತು, 'ಇಲ್ಲಿ ಯಾರು, ಎಷ್ಟು ಕಾಲ, ಯಾವ ಕೆಲಸ ಮಾಡಿದರು?' ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ. ಮೊಬೈಲ್ ಜೇಬಿನಲ್ಲೇ ಇರಲಿ. ಕಲ್ಲು ಹಾಸಿದ ಏರುದಾರಿಗೆ ಗಟ್ಟಿ ಅಡಿಯ ಬೂಟು ಬೇಕು.

ನೆಕರ್ ನದಿಯ ಸೇತುವೆಯ ನಡುವೆ ಮೆಟ್ಟಿಲಿಳಿದರೆ ಉದ್ದನೆಯ ದ್ವೀಪ. ಅದರ ತುಂಬ ಸುಮಾರು 200 ವರ್ಷದ ಪ್ಲೇನ್ ಮರಗಳ ಸಾಲು. ಗಳು ಹಾಕಿ ನಡೆಸುವ ದೋಣಿಗಳು ಪಕ್ಕದಲ್ಲೇ ಜಾರುತ್ತವೆ. ಇಲ್ಲಿಂದಲೇ ಎದುರು ದಡದ ಹಳದಿ ಗೋಪುರ ಕಾಣುತ್ತದೆ. ಮೊದಲ ಬಾಗಿಲು ಅದರದು.

ಕವಿ ಹೋಲ್ಡರ್‌ಲಿನ್‌ನನ್ನು 1806ರಲ್ಲಿ ಈ ಊರಿನ ಆಸ್ಪತ್ರೆಗೆ ತಂದಾಗ ಅವನ ಮನಸ್ಸು ಕದಡಿತ್ತು. ಮರುವರ್ಷ ವೈದ್ಯರು ಕೈಚೆಲ್ಲಿದರು. ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದರು. ಅವನ 'ಹೈಪೀರಿಯನ್' ಕಾದಂಬರಿ ಓದಿ ಮೆಚ್ಚಿದ್ದ ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿ ಅವನನ್ನು ತನ್ನ ಮನೆಗೆ ಕರೆದೊಯ್ದ. ಮೂರು ವರ್ಷದ ಮಾತು 36 ವರ್ಷವಾಯಿತು. 1838ರಲ್ಲಿ ತ್ಸಿಮ್ಮರ್ ತೀರಿಕೊಂಡ ಮೇಲೆ ಮಗಳು ಲೊಟ್ಟೆ ಆರೈಕೆ ಮುಂದುವರಿಸಿದಳು. 1843ರ ಜೂನ್‌ನಲ್ಲಿ ಕವಿ ಕಣ್ಣುಮುಚ್ಚುವವರೆಗೂ ನೋಡಿಕೊಂಡಳು. ಗೋಪುರಕ್ಕೆ ಹೋಲ್ಡರ್‌ಲಿನ್‌ನ ಹೆಸರಿದೆ. ಅದರೊಳಗೆ ದಿನವೂ ಊಟ ಬಡಿಸಿ, ಬಟ್ಟೆ ಒಗೆದು, ರೇಗಾಟ ಸಹಿಸಿದ್ದು ಬಡಗಿಯ ಮನೆಯವರು. ಮನೆಯಲ್ಲಿ ವಯಸ್ಸಾದವರನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುತ್ತಿರುವವರಿಗೆ ಈ ಬಾಗಿಲ ಮುಂದೆ ಹೆಚ್ಚಿನ ವಿವರಣೆ ಬೇಕಾಗದು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ 1536ರಲ್ಲಿ ಆರಂಭವಾದ 'ಷ್ಟಿಫ್ಟ್' ಇದೆ, ಎರಡನೆಯ ಬಾಗಿಲು ಅದರದು. ಪ್ರೊಟೆಸ್ಟೆಂಟ್ ದೇವಶಾಸ್ತ್ರ ಓದುವವರ ನಿಲಯವಿದು. ಖಗೋಳವಿಜ್ಞಾನಿ ಕೆಪ್ಲರ್ ಇಲ್ಲಿದ್ದ. ಹೋಲ್ಡರ್‌ಲಿನ್, ಮುಂದೆ ತತ್ವಜ್ಞಾನಿಗಳಾದ ಹೆಗೆಲ್, ಶೆಲಿಂಗ್ ಒಂದೇ ಕೋಣೆಯಲ್ಲಿದ್ದರು. ಕನ್ನಡಿಗರು ನಿಂತು ನೆನೆಯಬೇಕಾದ ಹೆಸರು ಹರ್ಮನ್ ಮೋಗ್ಲಿಂಗ್. ಇಲ್ಲಿ ಓದಿ 1836ರಲ್ಲಿ ಮಂಗಳೂರಿಗೆ ಬಂದ ಈತ 1843ರ ಜುಲೈ 1ರಂದು, ಅಂದರೆ ಹೋಲ್ಡರ್‌ಲಿನ್ ತೀರಿಕೊಂಡ ಮರುತಿಂಗಳು, ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ಹೊರತಂದ. ಕನ್ನಡದ ಮೊದಲ ಪತ್ರಿಕೆ ಅದು, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಪರಭಾಷೆಯಲ್ಲಿ ಪತ್ರಿಕೆ ನಡೆಸುವ ಮಟ್ಟಕ್ಕೆ ಬರಲು ಅವನಿಗೆ ಬೇಕಾದದ್ದು ಏಳು ವರ್ಷದ ಕಲಿಕೆ. ಹೊಸ ಭಾಷೆಯ ಆ್ಯಪ್ ಹಾಕಿಕೊಂಡು ಎರಡನೇ ವಾರಕ್ಕೇ ಅಳಿಸುವವರು ಈ ಲೆಕ್ಕವನ್ನು ಗಮನಿಸಬಹುದು.

ಅಲ್ಲಿಂದ ಮೇಲೇರಿದರೆ ಹೋಲ್ಟ್ಸ್‌ಮಾರ್ಕ್ಟ್ ಚೌಕ, ಎದುರಿಗೆ 15ನೇ ಶತಮಾನದ ದೊಡ್ಡ ಚರ್ಚು. ಅದರ ಬಳಿಯ ಹೆಕೆನ್‌ಹೌವರ್ ಪುಸ್ತಕದಂಗಡಿ ಮೂರನೆಯ ಬಾಗಿಲು. 1895ರಿಂದ 1899ರವರೆಗೆ ಇಲ್ಲಿ ಕೆಲಸ ಕಲಿತ ಹುಡುಗ ಹರ್ಮನ್ ಹೆಸ್ಸೆ. ಅದಕ್ಕೂ ಮೊದಲು ಅವನು ಧಾರ್ಮಿಕ ಶಾಲೆಯಿಂದ ಓಡಿಹೋಗಿದ್ದ, ಗಡಿಯಾರದ ಕಾರ್ಖಾನೆಯಲ್ಲಿ ದುಡಿದಿದ್ದ. ಯಾವುದರಲ್ಲೂ ನಿಲ್ಲದವನೆಂದು ಮನೆಯವರು ಚಿಂತೆಗೀಡಾಗಿದ್ದರು. ಅಂಗಡಿಯಲ್ಲಿ ದಿನವಿಡೀ ಪುಸ್ತಕ ವಿಂಗಡಿಸುವುದು, ಕಟ್ಟುವುದು, ಜೋಡಿಸುವುದು. ಸಂಜೆ ಕೋಣೆಗೆ ಬಂದು ಗಯಟೆಯನ್ನೂ ಇತರ ಹಿರಿಯ ಲೇಖಕರನ್ನೂ ತಾನೇ ಹಾಕಿಕೊಂಡ ಪಾಠಕ್ರಮದಂತೆ ಓದುವುದು. ಮೊದಲ ಕವನ ಸಂಕಲನ ಬಂದದ್ದು ಈ ದಿನಗಳಲ್ಲೇ. 'ಸಿದ್ಧಾರ್ಥ' ಕಾದಂಬರಿ 1922ಕ್ಕೆ, ನೊಬೆಲ್ 1946ಕ್ಕೆ. ನೌಕರಿ ಬಿಟ್ಟ ಮೇಲೆ ಬರೆಯುತ್ತೇನೆ ಎಂದು ಅವನು ಕಾದು ಕೂರಲಿಲ್ಲ. ದಿನದ ಕೆಲಸ ಮುಗಿದ ಹೊತ್ತಿನಿಂದ ಮಲಗುವ ಹೊತ್ತಿನವರೆಗಿನ ಗಂಟೆಗಳನ್ನೇ ಹಿಡಿದುಕೊಂಡ.

ಮಾರುಕಟ್ಟೆ ಚೌಕದಲ್ಲಿ 1435ರ ಪುರಭವನವಿದೆ, ಅದರ ಮುಖಕ್ಕೆ 1511ರ ಖಗೋಳ ಗಡಿಯಾರ. ಇಲ್ಲಿ ಕಾಫಿ ಕುಡಿದು ಸುಧಾರಿಸಿಕೊಳ್ಳಬಹುದು. ಮುಂದಿನ ಏರು ಚಿಕ್ಕದಾದರೂ ಕಡಿದು.

ಕೋಟೆಯ ಹಳೆಯ ಅಡುಗೆಮನೆ ನಾಲ್ಕನೆಯ ಬಾಗಿಲು. 19ನೇ ಶತಮಾನದಲ್ಲಿ ಅದು ಪ್ರಯೋಗಾಲಯವಾಗಿತ್ತು. ಸ್ವಿಟ್ಜರ್ಲೆಂಡಿನ ಫ್ರೀಡ್ರಿಷ್ ಮೀಶರ್ ಆಸ್ಪತ್ರೆಯಿಂದ ತಂದ ಬ್ಯಾಂಡೇಜುಗಳ ಕೀವು ತೊಳೆದು, ಜೀವಕೋಶಗಳ ಒಳಗಿನ ಹೊಸ ವಸ್ತುವೊಂದನ್ನು 1869ರಲ್ಲಿ ಬೇರ್ಪಡಿಸಿದ. 'ನ್ಯೂಕ್ಲೀನ್' ಎಂದು ಹೆಸರಿಟ್ಟ. ಇಂದು ಜಗತ್ತು ಡಿಎನ್‌ಎ ಎನ್ನುವುದು ಅದನ್ನೇ. ಅವನ ಗುರು ಹೋಪೆ-ಸೈಲರ್ ಫಲಿತಾಂಶ ನೋಡಿ ಸಂಭ್ರಮಿಸಿ ಅಚ್ಚಿಗೆ ಕಳಿಸಲಿಲ್ಲ. ಪ್ರಯೋಗವನ್ನು ತಾನೇ ಮತ್ತೆ ಮಾಡಿ, ಸರಿಯೆಂದು ಕಂಡಮೇಲೆ 1871ರಲ್ಲಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದ. ಎರಡು ವರ್ಷ ಕಾಯುವುದು ಶಿಷ್ಯನಿಗೆ ಕಷ್ಟವೇ ಆಗಿರಬೇಕು. ಆ ತಡದಿಂದ ಸಂಶೋಧನೆಯ ಬೆಲೆ ತಗ್ಗಲಿಲ್ಲ. ಸಿಕ್ಕ ಸುದ್ದಿಯನ್ನು ಪರೀಕ್ಷಿಸದೆ ವಾಟ್ಸ್‌ಆ್ಯಪ್‌ನಲ್ಲಿ ದಾಟಿಸುವ ಕೈಗೆ ಇದು ನೇರ ಪಾಠ.

ಈ ದಾರಿಯಲ್ಲಿ ಬಾಗಿಲಿಲ್ಲದ ಒಬ್ಬರ ನೆನಪೂ ಸೇರಬೇಕು. ಸುಮಾರು 70 ಸಾವಿರ ಪದಗಳ, 1,700ಕ್ಕೂ ಹೆಚ್ಚು ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಫರ್ಡಿನಂಡ್ ಕಿಟ್ಟೆಲ್ ಕೊನೆಯ ವರ್ಷಗಳನ್ನು ಕಳೆದದ್ದು ಟ್ಯೂಬಿಂಗನ್‌ನಲ್ಲಿ. 1896ರಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ಇಲ್ಲೇ ನಿಧನರಾದರು.

ಇಂಥ ನಡಿಗೆಗೆ ಜರ್ಮನಿಯ ಟಿಕೆಟ್ ಬೇಕೇ ಬೇಕೆಂದಿಲ್ಲ. ಮಂಗಳೂರಿನಲ್ಲಿ, ಮೋಗ್ಲಿಂಗ್ ಮತ್ತು ಕಿಟ್ಟೆಲ್ ಇಬ್ಬರೂ ಸೇರಿದ್ದ ಬಾಸೆಲ್ ಮಿಷನ್ನಿನ ಮುದ್ರಣಾಲಯವಿದ್ದ ಬಲ್ಮಠದಿಂದ ಹೊರಟು, ಬಾವುಟಗುಡ್ಡೆಯ ಕಡೆಗಿರುವ ಸಂತ ಅಲೋಶಿಯಸ್ ಚಾಪೆಲ್‌ವರೆಗೆ ನಡೆಯಬಹುದು. ಆ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದವನು 1899ರಲ್ಲಿ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ. ಎರಡೇ ನಿಲುಗಡೆ, ಒಂದು ಬೆಳಗು. ಕೇಳಿಕೊಳ್ಳುವ ಪ್ರಶ್ನೆ ಮಾತ್ರ ಅದೇ.