ಬೆಲೆಯೂ ಕೂಲಿಯೂ

ಧಾನ್ಯದ ಬೆಲೆಯು ಏರುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕೂಲಿಯಾದರೋ ಧಣಿಯ ಅಪ್ಪಣೆಯಿಲ್ಲದೆ ಒಂದು ಕಾಸೂ ಏರಲಾರದು. ಧಣಿಯು ತಾನಾಗಿ ಅದನ್ನು ಏರಿಸುವನೆ?

ಅಹಮದಾಬಾದಿನ ಇತಿಹಾಸವು ಇದಕ್ಕೆ ಉತ್ತರವೀಯುವುದು. 1917ರಲ್ಲಿ ಅಲ್ಲಿ ಪ್ಲೇಗು ಹಬ್ಬಲು, ಕೆಲಸಗಾರರು ಊರು ಬಿಡದಿರಲೆಂದು ಗಿರಣಿಯ ಒಡೆಯರು ವಿಶೇಷ ಭತ್ಯವನ್ನು ಕೊಟ್ಟರು. ರೋಗವು ಇಳಿಯಿತು, ಭತ್ಯವೂ ನಿಂತಿತು, ಯುದ್ಧಕಾಲದ ತುಟ್ಟಿ ಮಾತ್ರ ಇಳಿಯಲಿಲ್ಲ. 1918ರಲ್ಲಿ ನೇಕಾರರು ನೂರಕ್ಕೆ 50ರಷ್ಟು ಹೆಚ್ಚಳವನ್ನು ಬೇಡಿದರು. ಒಡೆಯರು 20 ಎಂದರು. ಗಾಂಧೀಜಿಯವರು ಲೆಕ್ಕವನ್ನು ಪರಿಶೀಲಿಸಿ 35 ನ್ಯಾಯವೆಂದರು. ಒಡೆಯರ ಮುಂದಾಳು ಅಂಬಾಲಾಲ ಸಾರಾಭಾಯಿಯವರು ಅವರಿಗೆ ಮಿತ್ರರೇ. ಅಂಬಾಲಾಲರ ಸೋದರಿ ಅನಸೂಯಾಬೆನ್ನರು ಕೆಲಸಗಾರರ ಪಕ್ಷ. ಆದರೂ ಗಿರಣಿಗಳ ಬಾಗಿಲು ಮುಚ್ಚಿತು. ಗಾಂಧೀಜಿಯವರು ಮೂರು ದಿನ ಉಪವಾಸವಿದ್ದ ಮೇಲೆಯೇ ವ್ಯಾಜ್ಯವು ಮಧ್ಯಸ್ಥರ ಕೈಸೇರಿತು. ಮಧ್ಯಸ್ಥರಾದ ಆನಂದಶಂಕರ ಧ್ರುವರು ಕೊನೆಗೆ 35ನ್ನೇ ವಿಧಿಸಿದರು.

ಈ ಒಡೆಯರು ನಿರ್ದಯರಾಗಿದ್ದರೆಂದಲ್ಲ. ಪ್ಲೇಗಿನ ದಿನಗಳಲ್ಲಿ ಆಳಿನ ಅಭಾವವು ಅವರ ಕೈಯನ್ನು ಬಿಚ್ಚಿಸಿತು. ಅಭಾವ ತೀರಲು ಕೈ ಮುಚ್ಚಿತು. ಒಬ್ಬನೇ ಕೂಲಿಯನ್ನು ಹೆಚ್ಚಿಸಿದರೆ ನೆರೆಯ ಗಿರಣಿಯ ಬಟ್ಟೆ ಅಗ್ಗವಾದೀತೆಂಬ ಭಯವು ಸಜ್ಜನನನ್ನೂ ಕಟ್ಟಿಹಾಕುವುದು. ಆದುದರಿಂದಲೇ ಎಲ್ಲರಿಗೂ ಸಮನಾದ ಕಟ್ಟಳೆ ಬೇಕು. 1948ರ ಕನಿಷ್ಠ ವೇತನದ ಕಾಯಿದೆಯು ಜೀವನವೆಚ್ಚಕ್ಕೆ ಅನುಸರಿಸಿ ಭತ್ಯವನ್ನು ನಿಗದಿಪಡಿಸಲು ಅವಕಾಶವಿತ್ತುದು ಈ ದೃಷ್ಟಿಯಿಂದಲೇ ಯುಕ್ತವು.

ಸೇರನ್ನು ಕಿರಿದುಮಾಡಿ ಹಳೆಯ ಬೆಲೆಯನ್ನೇ ಕೇಳುವ ವರ್ತಕನನ್ನು ಲೋಕವು ವಂಚಕನೆನ್ನುತ್ತದೆ. ತುಟ್ಟಿಯ ಕಾಲದಲ್ಲಿ ರೂಪಾಯಿಯೇ ಕಿರಿದಾದ ಸೇರು. ಅದರ ಕೊರತೆಯನ್ನು ತುಂಬಿಕೊಡುವುದು ದಾನವಲ್ಲ, ಏರಿಕೆಯೂ ಅಲ್ಲ. ನಿನ್ನೆ ಒಪ್ಪಿದುದನ್ನು ಇಂದೂ ಸಲ್ಲಿಸುವುದು, ಅಷ್ಟೆ.